ಲೈನ್ ಕ್ಲಿಯರ್ ಕೊಡ್ತೀರಾ, ಅಪ್ಪ?

ಭಾನುವಾರ ಬೆಳಗ್ಗೆ ಹತ್ತಕ್ಕೆ ನಮ್ಮ ಮಣಿಪಾಲದ ಫ್ಲ್ಯಾಟಿನಲ್ಲಿ ರೈಲು ಸಂಚಾರ ಶುರು. ಉಡುಪಿಗೆ ನಾನು ಸ್ಟೇಷನ್ ಮಾಸ್ಟರ್, ಪಡುಬಿದ್ರಿಗೆ ಅಪ್ಪ. ನಡುವೆ ಕೋಣೆಯ ಎರಡು ಗೋಡೆ ಬಳಸಿ ಹೋಗುವ ಒಂಟಿ ಹಳಿ. ಕಾರ್ಕಳದವಳಾದ ಹೆಂಡತಿಗೆ ನಗು: “ನಮ್ಮೂರಿಗೆ ನಿಜವಾದ ರೈಲೇ ಬಂದಿಲ್ಲ, ನೀವು ಬೆಡ್‌ರೂಮಿಗೇ ತಂದ್ರಿ!”

ಮಾಡೆಲ್ ರೈಲು ಅಂದ್ರೆ ಸುಮ್ಮನೆ ಗುಂಡಗೆ ಸುತ್ತುವ ಆಟಿಕೆ ಅಂತ ನಾನೂ ಅಂದುಕೊಂಡಿದ್ದೆ. ಹಾಗೇ ಶುರು ಮಾಡಿ ಎರಡೇ ವಾರಕ್ಕೆ ಬೇಜಾರಾಯ್ತು. ಆಮೇಲೆ ಇನ್ನೊಂದು ದಾರಿ ಸಿಕ್ಕಿತು. ಒಂದು ನಿಜವಾದ ಮಾರ್ಗ, ಒಂದು ನಿಜವಾದ ವರ್ಷ ಆರಿಸಿಕೊಂಡು, ಅಲ್ಲಿನ ನಿಯಮದ ಪ್ರಕಾರವೇ ರೈಲು ನಡೆಸೋದು. ನಾನು ಆರಿಸಿದ್ದು 1998ರ ಕೊಂಕಣ ರೈಲ್ವೆ. ರೋಹಾದಿಂದ ತೋಕೂರಿನವರೆಗಿನ 741 ಕಿ.ಮೀ. ಮಾರ್ಗ ಲೋಕಾರ್ಪಣೆಯಾದದ್ದು ಆ ವರ್ಷದ ಮೇ 1ಕ್ಕೆ. ಮತ್ಸ್ಯಗಂಧ ಓಡಲು ಶುರುವಾದದ್ದೂ ಅದೇ ವರ್ಷ.

ಲೆಕ್ಕಕ್ಕೆ ಕೂತಾಗ ತಲೆ ಬಿಸಿಯಾಯ್ತು. ಎಚ್‌ಒ ಅಳತೆ ಅಂದ್ರೆ 87ರಲ್ಲಿ ಒಂದು ಪಾಲು. ಒಂದು ಕಿಲೋಮೀಟರ್ ಹಳಿಗೆ ಹನ್ನೊಂದೂವರೆ ಮೀಟರ್ ಜಾಗ ಬೇಕು. ನನ್ನ ಕೋಣೆ ಇರೋದೇ ಹತ್ತಡಿ. ಹಾಗಾಗಿ ಮತ್ಸ್ಯಗಂಧಕ್ಕೆ ನಾಲ್ಕೇ ಬೋಗಿ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ.; 87ರಿಂದ ಭಾಗಿಸಿದ್ರೆ 19 ಮಿ.ಮೀ. ದಾಟುತ್ತೆ. ರೆಡಿಮೇಡ್ ಹಳಿ 16.5 ಮಿ.ಮೀ. ಮಾತ್ರ. ಇಷ್ಟಕ್ಕೆ ರಾಜಿಯಾದೆ. ಆದರೆ ಕರೆಂಟ್ ಕಂಬ ಮಾತ್ರ ಹಾಕಲಿಲ್ಲ, ಈ ಮಾರ್ಗ ಪೂರ್ತಿ ವಿದ್ಯುದೀಕರಣ ಆದದ್ದು 2022ರಲ್ಲಿ. ಕಾಪು ಪಕ್ಕದ ಇನ್ನಂಜೆಗೆ ಕ್ರಾಸಿಂಗ್ ಹಳಿಯನ್ನೂ ಕೊಡಲಿಲ್ಲ, ಆಗ ಅದು ಬರೀ ಹಾಲ್ಟ್.

ನಿಜವಾದ ಮಜಾ ಇರೋದು ನಡೆಸೋದರಲ್ಲಿ. ಒಂಟಿ ಹಳಿಯಲ್ಲಿ ಮುಂದಿನ ಸ್ಟೇಷನ್ ಮಾಸ್ಟರ್ ‘ಲೈನ್ ಕ್ಲಿಯರ್’ ಕೊಡದೆ ಯಾವ ರೈಲೂ ಹೊರಡುವಂತಿಲ್ಲ. ಎದುರಿನ ರೈಲು ಬಂದು ಪಕ್ಕದ ಹಳಿ ಸೇರುವವರೆಗೆ ಕಾಯಬೇಕು. ಎರಡು ಡಬ್ಬಿಗೆ ಬಜರ್, ದೀಪ ಜೋಡಿಸಿ ಆರ್ಡುಯಿನೋದಲ್ಲಿ ಕೋಡ್ ಬರೆದೆ. ಆ ಕಡೆಯವರು ಬಟನ್ ಒತ್ತದಿದ್ದರೆ ಈ ಕಡೆ ಹಳಿಗೆ ಕರೆಂಟೇ ಇಲ್ಲ. ಗೋಡೆ ಗಡಿಯಾರದ ಕಾಲು ಗಂಟೆ ಅಂದ್ರೆ ನಮ್ಮ ರೈಲ್ವೆಗೆ ಒಂದು ಗಂಟೆ.

ಆದರೆ ಎಂಜಿನಿಯರ್ ಬುದ್ಧಿ ನೋಡಿ. ಟೆಸ್ಟಿಂಗ್‌ಗೆ ಅಂತ ನನ್ನ ಫೋನಿಂದ ಬೈಪಾಸ್ ಮಾಡೋ ಒಂದು ಬಟನ್ ಗುಟ್ಟಾಗಿ ಇಟ್ಟುಕೊಂಡಿದ್ದೆ.

ಅಪ್ಪ ಮೂವತ್ತು ವರ್ಷ ಮುಂಬೈಯ ಹೋಟೆಲಲ್ಲಿ ದುಡಿದವರು. ವರ್ಷಕ್ಕೆರಡು ಸಲ ಬರ್ತಿದ್ರು. ವಾಪಸ್ ಹೋಗೋದು ಮಧ್ಯಾಹ್ನದ ಮತ್ಸ್ಯಗಂಧಕ್ಕೆ. ನಾನು ಶಾಲೆಯಿಂದ ಬರುವಷ್ಟರಲ್ಲಿ ಮನೆಯಲ್ಲಿ ಅವರ ಬ್ಯಾಗ್ ಇರ್ತಿರಲಿಲ್ಲ. ಈಗ ಒಂದೇ ಮನೆಯಲ್ಲಿದ್ದೇವೆ. ‘ಊಟ ಆಯ್ತಾ’ ದಾಟಿದ ಮಾತು ನಮ್ಮ ನಡುವೆ ಕಡಿಮೆ. ಹಳಿ ಹಾಕಿದ ಮೇಲೆ ದಿನಕ್ಕೆ ಹತ್ತು ಸಲ ಅವರನ್ನು ಕೇಳಲೇಬೇಕು, ಅವರು ಉತ್ತರಿಸಲೇಬೇಕು.

ಕಳೆದ ತಿಂಗಳು ಒಂದು ಭಾನುವಾರ ಆಫೀಸಿನ ಮೆಸೇಜುಗಳು ಸಾಲಾಗಿ ಬರ್ತಿದ್ವು. ನನ್ನ ಗೂಡ್ಸ್ ಉಡುಪಿಯಲ್ಲಿ ಕಾಯ್ತಿತ್ತು. ಬೇಗ ಮುಗಿಸೋಣ ಅಂತ ಬೈಪಾಸ್ ಒತ್ತಿದೆ. ಸ್ವಲ್ಪ ಮೊದಲು ನಾನೇ ಲೈನ್ ಕ್ಲಿಯರ್ ಕೊಟ್ಟಿದ್ದ ಅಪ್ಪನ ಪ್ಯಾಸೆಂಜರ್ ಇನ್ನಂಜೆಯಲ್ಲಿ ನಿಂತಿದ್ದು ಮರೆತೇಹೋಗಿತ್ತು. ನೇರ ಹೋಗಿ ಗುದ್ದಿತು. ಎರಡು ಬೋಗಿ ನೆಲಕ್ಕೆ.

ಅಪ್ಪ ಬಗ್ಗಿ ಬೋಗಿ ಎತ್ತಿ ಒರೆಸಿದ್ರು. “ಕೇಳದೆ ಬಿಟ್ಟೆಯಲ್ಲ” ಅಂದ್ರು, ಅಷ್ಟೇ.

ಯಾಕೋ ನನ್ನ ಬಾಯಿಂದ ಬಂದೇಬಿಟ್ಟಿತು: “ನೀವೂ ಹೇಳದೇ ಹೋಗ್ತಿದ್ರಲ್ಲ.”

ತುಂಬ ಹೊತ್ತು ಮಾತಿಲ್ಲ. ಆಮೇಲೆ ಚಕ್ರವನ್ನು ಹಳಿ ಮೇಲೆ ಕೂರಿಸುತ್ತಾ ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೀತೇನೆ: “ಒಂದು ಸಲ ಹೇಳಿದ್ದೆ. ನೀನು ಅಂಗಿ ಹಿಡಿದು ಬಿಡಲೇ ಇಲ್ಲ. ಅವತ್ತು ರೈಲು ತಪ್ಪಿತು. ಆಮೇಲೆ ನನಗೆ ಧೈರ್ಯ ಬರಲಿಲ್ಲ.”

ನನಗೆ ಅದು ನೆನಪೇ ಇಲ್ಲ.

ಅವತ್ತು ರಾತ್ರಿ ಬೈಪಾಸ್ ಕೋಡ್ ಅಳಿಸಿದೆ. ಹನ್ನೊಂದು ಸಾಲು ಇತ್ತು.

ನಿಮಗೂ ಆಸೆಯಿದ್ದರೆ ಇಡೀ ಮಾರ್ಗ ಬೇಡ. ಗೊತ್ತಿರುವ ಎರಡು ಸ್ಟೇಷನ್, ಒಂದು ಕ್ರಾಸಿಂಗ್, ಎದುರು ತುದಿಗೆ ಒಬ್ಬ ಮನುಷ್ಯ ಸಾಕು. ಮಳೆಗಾಲದಲ್ಲಿ ಹಳಿ ಒರೆಸ್ತಾ ಇರಿ, ನಮ್ಮ ಕರಾವಳಿಯ ತೇವಕ್ಕೆ ಕರೆಂಟ್ ಸರಿಯಾಗಿ ಹರಿಯಲ್ಲ. ಕೊಂಕಣ ರೈಲ್ವೆಗೆ ಮಳೆಗಾಲದಲ್ಲಿ ಬೇರೆ ಟೈಮ್‌ಟೇಬಲ್ಲೇ ಇದೆ, ರೈಲುಗಳ ವೇಗವೂ ಕಡಿಮೆ. ಹಾಗಾಗಿ ನಮ್ಮ ಕೋಣೆಯಲ್ಲೂ ಈಗ ನಿಧಾನ. ಅದು ಅಪ್ಪನ ಆರ್ಡರ್.

ಮೊನ್ನೆ ಸಂಜೆ ವಾಕಿಂಗ್‌ಗೆ ಹೊರಟವರು ಬಾಗಿಲಲ್ಲಿ ನಿಂತರು. ಮೊದಲೆಲ್ಲ ಸುಮ್ಮನೆ ಚಪ್ಪಲಿ ಮೆಟ್ಟಿ ಹೋಗ್ತಿದ್ದವರು.

“ಲೈನ್ ಕ್ಲಿಯರ್?”

ಲ್ಯಾಪ್‌ಟಾಪಿನಿಂದ ತಲೆಯೆತ್ತಿ ಅಂದೆ, “ಕೊಟ್ಟೆ.”