ಹುಣ್ಣಿನ ಮುಲಾಮು ನಮ್ಮ ಮಳಿಗೆಯಲ್ಲಿ ಬೇಕೆ?

ಗೊಬ್ಬರ, ಮೈಲುತುತ್ತು, ಸುಣ್ಣಗಳ ಜೊತೆಗೆ ಹುಣ್ಣಿಗೆ ಹಚ್ಚುವ ಆಂಟಿಬಯಾಟಿಕ್ ಮುಲಾಮನ್ನೂ ಸಂಘದ ಮಾರಾಟ ಮಳಿಗೆಯಲ್ಲಿ ಇಡಬೇಕೆಂದು ಕೆಲವು ಸದಸ್ಯರು ಸಲಹೆ ಮಾಡಿದ್ದಾರೆ. ಮಳೆಗಾಲದಲ್ಲಿ ಪೇಟೆಗೆ ಹೋಗಿಬರುವುದೇ ಒಂದು ದಿನದ ಕೆಲಸವಾಗುವ ನಮ್ಮ ಕಡೆ ಈ ಬೇಡಿಕೆ ಅಸಹಜವೇನಲ್ಲ. ಆದರೂ ನಾನು ಇದನ್ನು ಒಪ್ಪುವುದಿಲ್ಲ. ಏಕೆಂಬುದನ್ನು ಸದಸ್ಯ ಬಾಂಧವರ ಮುಂದಿಡುವುದು ಕಾರ್ಯದರ್ಶಿಯಾದ ನನ್ನ ಕರ್ತವ್ಯ.

ಕಾನೂನಿನ ಮಾತನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಇಂಥ ಔಷಧ ಮಾರಲು ಪರವಾನಗಿ ಬೇಕು, ಫಾರ್ಮಸಿಸ್ಟ್ ಬೇಕು, ಕೊಳ್ಳುವವರ ಕೈಯಲ್ಲಿ ವೈದ್ಯರ ಚೀಟಿ ಇರಬೇಕು. ಮೊದಲಿನ ಎರಡೂ ನಮ್ಮಲ್ಲಿಲ್ಲ. ಆದರೆ ನಾಳೆ ಪರವಾನಗಿ ಸಿಕ್ಕರೂ ನನ್ನ ಅಭಿಪ್ರಾಯ ಇದೇ.

ಚರ್ಮದ ಮೇಲೆ ಏಳುವುದೆಲ್ಲ ಒಂದೇ ರೋಗವಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಹಳದಿ ಎಲೆ ರೋಗಕ್ಕೆ ಅದನ್ನೇ ಎಷ್ಟು ಹೊಡೆದರೂ ಮರ ಹಸಿರಾಗದು ಎಂಬುದನ್ನು ತೋಟದವರಿಗೆ ಯಾರೂ ಕಲಿಸಬೇಕಿಲ್ಲ. ಮೈಗೂ ಇದೇ ಲೆಕ್ಕ. ಮಳೆಯಲ್ಲಿ ನಿಂತು ಕೆಲಸ ಮಾಡಿ ಕಾಲ್ಬೆರಳ ಸಂದಿ ಬೆಳ್ಳಗಾಗಿ ಸುಲಿಯುವುದು ಹೆಚ್ಚಾಗಿ ಶಿಲೀಂಧ್ರದಿಂದ. ತೊಡೆಸಂದಿಯಲ್ಲಿ ಉಂಗುರದಂತೆ ಹಬ್ಬುವ ಗಜಕರ್ಣವೂ ಶಿಲೀಂಧ್ರವೇ. ಬೆರಳ ಸಂದಿಯಲ್ಲಿ ರಾತ್ರಿ ಹೊತ್ತು ವಿಪರೀತ ತುರಿಸುವ ಕಜ್ಜಿಗೆ ಕಾರಣ ಒಂದು ನುಸಿ, ನಮ್ಮ ಅಡಿಕೆ ಗಿಡದ ಎಲೆಯಡಿ ಕೂರುವ ನುಸಿಯ ದೂರದ ನೆಂಟ. ಆಂಟಿಬಯಾಟಿಕ್ ಮುಲಾಮು ಇವುಗಳಲ್ಲಿ ಯಾವುದನ್ನೂ ಮುಟ್ಟುವುದಿಲ್ಲ.

ಅದು ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಹುಣ್ಣಿಗೆ. ಇಂಬಳ ಕಚ್ಚಿದ ಜಾಗವನ್ನು ಕೆರೆದು ಕೀವಾದದ್ದು, ಚಿಕ್ಕ ಮಕ್ಕಳ ಮೂಗು ಬಾಯಿಯ ಸುತ್ತ ಜೇನಿನ ಬಣ್ಣದ ಹಕ್ಕಳೆ ಕಟ್ಟುವ ಹುಣ್ಣು, ಇಂಥವು. ಸ್ಟ್ಯಾಫಿಲೊಕಾಕಸ್, ಸ್ಟ್ರೆಪ್ಟೊಕಾಕಸ್ ಎಂಬ ಎರಡು ಜಾತಿಯ ಬ್ಯಾಕ್ಟೀರಿಯಾಗಳೇ ಹೆಚ್ಚಾಗಿ ಇದರ ಮೂಲ. ಒಂದು ಲೈನ್ ಮನೆಯ ಮಗುವಿಗೆ ಬಂದರೆ ಟವೆಲ್ಲು, ಹಾಸಿಗೆ, ಕೈಯ ಮೂಲಕ ಸಾಲಿನ ಮಕ್ಕಳಿಗೆಲ್ಲ ಹಬ್ಬುತ್ತದೆ. ಒಂದೆರಡು ಕಡೆ ಮಾತ್ರ ಹುಣ್ಣಿದ್ದರೆ ಮ್ಯುಪಿರೋಸಿನ್ ಅಥವಾ ಫ್ಯುಸಿಡಿಕ್ ಆಮ್ಲದ ಮುಲಾಮನ್ನು ವೈದ್ಯರು ಬರೆಯುತ್ತಾರೆ. ಅದರಿಂದ ಗುಣವೂ ಆಗುತ್ತದೆ. ನನ್ನ ತಕರಾರು ಔಷಧದ ಮೇಲಲ್ಲ.

ಹಚ್ಚುವುದಕ್ಕೂ ಒಂದು ಕ್ರಮವಿದೆ. ಕೈ ತೊಳೆದು, ಉಗುರುಬೆಚ್ಚಗಿನ ನೀರು ಮತ್ತು ಸಾಬೂನಿನಿಂದ ಹಕ್ಕಳೆಯನ್ನು ನೆನೆಸಿ ಮೃದುವಾಗಿ ತೆಗೆಯಬೇಕು. ಒಣ ಹಕ್ಕಳೆಯ ಮೇಲೆ ಬಳಿದ ಮುಲಾಮು ಹಕ್ಕಳೆಗೆ ಸೇರುತ್ತದೆಯೇ ಹೊರತು ಹುಣ್ಣಿಗಲ್ಲ. ಒರೆಸಿ ಆರಿದ ಮೇಲೆ ತೆಳುವಾಗಿ, ಸಾಮಾನ್ಯವಾಗಿ ದಿನಕ್ಕೆ 3 ಸಲ, ವೈದ್ಯರು ಹೇಳಿದಷ್ಟು ದಿನ. ಅದು ಹೆಚ್ಚಾಗಿ 5ರಿಂದ 7 ದಿನ, ಯಾವ ಕಾರಣಕ್ಕೂ ನಾವೇ ನಿರ್ಧರಿಸಿ 10 ದಿನ ದಾಟಿಸಬಾರದು. ಮೂರು ನಾಲ್ಕು ದಿನದಲ್ಲಿ ಇಳಿಮುಖ ಕಾಣದಿದ್ದರೆ ಮತ್ತಷ್ಟು ಹಚ್ಚುವುದಲ್ಲ, ತಿರುಗಿ ತೋರಿಸುವುದು. ಟ್ಯೂಬಿನ ಮೂತಿಯನ್ನು ಹುಣ್ಣಿಗೆ ತಾಗಿಸಬಾರದು. ಒಬ್ಬರ ಟ್ಯೂಬು ಇನ್ನೊಬ್ಬರಿಗೆ ಬೇಡ. ಚರ್ಮದ ಮುಲಾಮನ್ನು ಕಣ್ಣಿಗೆ ಹಾಕಬಾರದು. ದೊಡ್ಡ ಸುಟ್ಟಗಾಯಕ್ಕೂ ತಾವಾಗಿ ಬಳಿಯಬಾರದು: ಮ್ಯುಪಿರೋಸಿನ್ ಮುಲಾಮಿನಲ್ಲಿ ಬಳಸುವ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಜಿಡ್ಡು ತೆರೆದ ಗಾಯದಿಂದ ಮೈಗೆ ಹೀರಿಕೊಂಡು, ಮೂತ್ರಪಿಂಡ ದುರ್ಬಲವಿರುವವರಿಗೆ ತೊಂದರೆ ಕೊಡಬಲ್ಲದು.

ಮುಲಾಮಿಗೆ ಬಗ್ಗದ ಸಂದರ್ಭಗಳೂ ಇವೆ. ಮೈಯ ಹಲವೆಡೆ ಹುಣ್ಣು, ಜ್ವರ, ಬಿಸಿಯಾಗಿ ಕೆಂಪಗೆ ಹಬ್ಬುವ ಊತ, ಕೀವು ತುಂಬಿದ ದೊಡ್ಡ ಕುರ, ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ಇವು ಅದೇ ದಿನ ಆಸ್ಪತ್ರೆ ಕಾಣಬೇಕು. ಸ್ಟ್ರೆಪ್ಟೊಕಾಕಸ್ ಹುಣ್ಣು ಮಾಯವಾದ ಕೆಲವು ವಾರಗಳ ಮೇಲೆ ಮಗುವಿನ ಮುಖ ಊದಿ, ಮೂತ್ರ ಚಹಾದ ಬಣ್ಣಕ್ಕೆ ತಿರುಗುವುದುಂಟು; ಅದು ಮೂತ್ರಪಿಂಡಕ್ಕೆ ಪೆಟ್ಟಾದ ಗುರುತು. ಹುಣ್ಣು ಹೋಯಿತಲ್ಲ ಎಂದು ತಾಯಿ ಎರಡನ್ನೂ ಜೋಡಿಸಿ ಯೋಚಿಸುವುದೇ ಇಲ್ಲ.

ಇನ್ನು ನನಗೆ ಹೆಚ್ಚು ಭಯವಿರುವುದು ನಮ್ಮ ಜನ 'ಟ್ಯೂಬು' ಎಂದು ಕೇಳಿ ಪಡೆಯುವ ಮೂರು ಔಷಧಗಳ ಮಿಶ್ರಣದ ಬಗ್ಗೆ. ಅದರಲ್ಲಿ ಆಂಟಿಬಯಾಟಿಕ್ ಇದೆ, ಶಿಲೀಂಧ್ರದ ಔಷಧ ಇದೆ, ಜೊತೆಗೆ ಬಲವಾದ ಸ್ಟೀರಾಯ್ಡ್ ಇದೆ. ಹಚ್ಚಿದ ರಾತ್ರಿಯೇ ತುರಿಕೆ ನಿಲ್ಲುವುದು ಸ್ಟೀರಾಯ್ಡಿನಿಂದ. ಕೆಳಗೆ ಗಜಕರ್ಣ ಸದ್ದಿಲ್ಲದೆ ಹಬ್ಬುತ್ತದೆ, ಉಂಗುರದ ಗುರುತೂ ಅಳಿಸಿ ವೈದ್ಯರಿಗೇ ಪತ್ತೆ ಕಷ್ಟವಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದವರ ಚರ್ಮ ತೆಳ್ಳಗಾಗಿ ಬಿರುಕು ಬಿಡುತ್ತದೆ. ಇವುಗಳಲ್ಲಿ ಸಾಮಾನ್ಯವಾಗಿರುವ ನಿಯೋಮೈಸಿನ್ ಕೆಲವರ ಚರ್ಮಕ್ಕೆ ಅಲರ್ಜಿಯನ್ನೂ ತರುತ್ತದೆ. ಮದ್ದಿನಿಂದಲೇ ಕೆಂಪಾದದ್ದನ್ನು ರೋಗವೆಂದು ತಿಳಿದು ಇನ್ನೂ ಹಚ್ಚುತ್ತಾರೆ! 2018ರಲ್ಲಿ ಕೇಂದ್ರ ಸರ್ಕಾರ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯ ವ್ಯಾಪ್ತಿಗೆ ತಂದದ್ದು ಸುಮ್ಮನಲ್ಲ. ಹಸುವಿನ ಕೆಚ್ಚಲಿಗೆ ಕೊಟ್ಟ ಟ್ಯೂಬಿನಲ್ಲಿ ಮಿಕ್ಕಿದ್ದನ್ನು ಮನುಷ್ಯರ ಕಾಲಿಗೆ ಬಳಿಯುವ ಮಿತವ್ಯಯದ ಬಗ್ಗೆ ನಾನು ಹೇಳುವುದೇ ಬೇಡ.

ಔಷಧವನ್ನು ಅಡ್ಡಾದಿಡ್ಡಿ ಬಳಸಿದರೆ ರೋಗಾಣು ಅದಕ್ಕೆ ಒಗ್ಗಿಕೊಳ್ಳುತ್ತದೆ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಇದನ್ನು ಎಚ್ಚರಿಸಿದ್ದರು. ಕಾಫಿಯವರಿಗೆ ಇದು ಹೊಸ ಕಥೆಯಲ್ಲ: ಎಲೆ ತುಕ್ಕನ್ನು ತಾಳುತ್ತದೆಂದು ನೆಚ್ಚಿದ ಕೆಂಟ್ಸ್ ತಳಿ, ತುಕ್ಕಿನ ಹೊಸ ಬಗೆ ಹುಟ್ಟಿದೊಡನೆ ಸೋತಿತು. ಗಿಡಕ್ಕಾದರೆ ಬೇರೆ ತಳಿ ಹುಡುಕಿದೆವು. ಮ್ಯುಪಿರೋಸಿನ್ನನ್ನು ದೊಡ್ಡ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲು ಕೆಲವು ರೋಗಿಗಳ ಮೂಗಿನ ಸ್ಟ್ಯಾಫಿಲೊಕಾಕಸ್ ಅಳಿಸಲೂ ಬಳಸುತ್ತಾರೆ. ಅಂಥ ಮದ್ದನ್ನು ಮುಳ್ಳು ಗೀರಿದ್ದಕ್ಕೆಲ್ಲ ಬಳಿದು ಕೆಡಿಸುವುದು ದುಂದುಗಾರಿಕೆ. ಸಣ್ಣ ತರಚು ಗಾಯಕ್ಕೆ ಸಾಬೂನು, ನೀರು, ಶುಭ್ರ ಬಟ್ಟೆ ಸಾಕು. ಸುಣ್ಣ, ಹೊಗೆಸೊಪ್ಪು, ಕಾಫಿಪುಡಿ ಬೇಡ. ಕತ್ತಿ ಆಳವಾಗಿ ತಾಗಿದ್ದರೆ ಧನುರ್ವಾಯುವಿನ ಚುಚ್ಚುಮದ್ದನ್ನು ವಿಚಾರಿಸಬೇಕು.

ಹಾಗಾದರೆ ಆಳುಗಳು ಟ್ಯೂಬನ್ನೇ ಏಕೆ ಕೇಳುತ್ತಾರೆ? ಆರೋಗ್ಯ ಕೇಂದ್ರಕ್ಕೆ ಹೋದರೆ ಅಂದಿನ ಕೂಲಿ ಹೋಗುತ್ತದೆ, ಅದಕ್ಕೆ. ಈ ಮಾತು ಕೆಲವರಿಗೆ ಹಿಡಿಸದೆ ಇರಬಹುದು, ಆದರೂ ಬರೆಯುತ್ತೇನೆ: ಮಗುವಿನ ಹುಣ್ಣು ತೋರಿಸಲು ಹೋಗುವ ತಾಯಿಗೆ ಅರ್ಧ ದಿನದ ಕೂಲಿ ಕೊಟ್ಟರೆ ನಮ್ಮ ತೋಟ ಮುಳುಗುವುದಿಲ್ಲ. ಲೈನ್ ಮನೆಯ ಹತ್ತಿರ ಒಂದು ನಲ್ಲಿ, ಮಳೆಗಾಲಕ್ಕೆ ಗಂಬೂಟು, ಇವು ಮುಲಾಮಿಗಿಂತ ಮೊದಲಿನ ಔಷಧಗಳು.

ಮಳಿಗೆಯಲ್ಲಿ ಸಾಬೂನು, ಗಾಜ್ ಬಟ್ಟೆ, ಪಟ್ಟಿ, ಗಂಬೂಟುಗಳನ್ನು ಲಾಭವಿಲ್ಲದ ದರದಲ್ಲಿ ಇಡುವ ಪ್ರಸ್ತಾವವನ್ನು ಆಡಳಿತ ಮಂಡಳಿಯ ಮುಂದಿನ ಸಭೆಗೆ ತರುತ್ತಿದ್ದೇನೆ. ಮುಲಾಮು ಬೇಕೇಬೇಕೆನ್ನುವ ಸದಸ್ಯರೂ ತಮ್ಮ ವಾದವನ್ನು ಲಿಖಿತವಾಗಿ ಕಚೇರಿಗೆ ಕಳುಹಿಸಿದರೆ ಅದನ್ನೂ ಸಭೆಯ ಮುಂದಿಡಲಾಗುವುದು. ಗಂಬೂಟು ಬೇಕಾದವರು ಅಳತೆಯನ್ನು ಈಗಲೇ ತಿಳಿಸಬೇಕಾಗಿ ವಿನಂತಿ.