ಸ್ತ್ರೀಯರ ಬಲಸಾಧನೆಯೂ ಪ್ರೋಟೀನಿನ ಪುಡಿಯೂ

ಸ್ತ್ರೀಯು ಭಾರವನ್ನೆತ್ತಿ ಬಲವನ್ನು ಸಾಧಿಸಬೇಕೆ, ಸಾಧಿಸುವದಾದರೆ ಡಬ್ಬಿಯಲ್ಲಿ ಬರುವ ಪ್ರೋಟೀನಿನ ಪುಡಿಯನ್ನು ಹಾಲಿನಲ್ಲಿಯೋ ನೀರಿನಲ್ಲಿಯೋ ಕಲಕಿ ಕುಡಿಯುವದು ಅವಳಿಗೆ ಅವಶ್ಯವೆ ಎಂಬ ಪ್ರಶ್ನೆಯು ಮಹಾನಗರಗಳ ಜಿಮ್ಮುಗಳಿಗಷ್ಟೇ ಸಂಬಂಧಿಸಿದ್ದೆಂದು ಭಾವಿಸುವದು ಸರಿಯಲ್ಲ. ಭೀಮೆಯ ಸೀಮೆಯಲ್ಲಿರುವ ಅಫಜಲಪುರ ತಾಲೂಕಿನ ಮಣ್ಣೂರಿನಂಥ ಗ್ರಾಮದ ತರುಣಿಯೊಬ್ಬಳು ಪೊಲೀಸ್ ಪೇದೆಯ ಹುದ್ದೆಗೆ ಅರ್ಜಿ ಹಾಕಿದಳೆಂದರೆ, ಲಿಖಿತ ಪರೀಕ್ಷೆಯ ಜೊತೆಗೆ 400 ಮೀಟರ್ ಓಟವನ್ನೂ 4 ಕಿಲೋ ತೂಕದ ಗುಂಡಿನ ಎಸೆತವನ್ನೂ ಎದುರಿಸಬೇಕಾಗುವದು; ಅದಕ್ಕಾಗಿ ತೋಳುತೊಡೆಗಳನ್ನು ಗಟ್ಟಿಮಾಡಿಕೊಳ್ಳಲು ಹೊರಟೊಡನೆಯೇ ಕೈಯೊಳಗಿನ ಮೊಬೈಲು ಪುಡಿಯ ಡಬ್ಬಿಗಳನ್ನು ತೋರಿಸತೊಡಗುವದು, ಮನೆಯ ಹಿರಿಯರು ‘ಹೆಣ್ಣುಹುಡುಗಿಗೆ ಇದೆಲ್ಲ ಯಾಕಬೇಕವ್ವ’ ಎನ್ನತೊಡಗುವರು. ಇವೆರಡರಲ್ಲಿ ಯಾವುದೂ ಆಕೆಗೆ ತಕ್ಕ ಉತ್ತರವಲ್ಲವಾದುದರಿಂದ ಈ ವಿಷಯವನ್ನು ಸಾವಧಾನವಾಗಿ ವಿಚಾರಿಸತಕ್ಕದ್ದಿದೆ.

ಹೊತ್ತು ಮೂಡುವ ಮೊದಲೇ ಎದ್ದು ನೀರು ತಂದು, ರೊಟ್ಟಿ ಬಡಿದು, ಹೊಲಕ್ಕೆ ಹೋಗಿ ಕಳೆ ಕಿತ್ತು, ಸಂಜೆಗೆ ತೊಗರಿಕಟ್ಟಿಗೆಯ ಹೊರೆಯನ್ನು ತಲೆಯ ಮೇಲೆ ಹೊತ್ತು ಬರುವ ನಮ್ಮ ಹೆಣ್ಣುಮಕ್ಕಳಿಗೆ ಬೇರೆ ವ್ಯಾಯಾಮವೇಕೆ ಎಂದು ಕೇಳುವವರುಂಟು. ಈ ಮಾತಿನಲ್ಲಿ ಅವರ ದುಡಿಮೆಯ ಬಗೆಗಿನ ಗೌರವವಿದ್ದರೂ ದೇಹಧರ್ಮದ ತಿಳಿವಳಿಕೆಯಿಲ್ಲ. ವ್ಯಾಯಾಮದಲ್ಲಿ ಭಾರವು ದೇಹದ ಶಕ್ತಿಯನ್ನು ನೋಡಿಕೊಂಡು ಸ್ವಲ್ಪಸ್ವಲ್ಪವಾಗಿ ಏರುವದು. ಇಂದು ದಣಿದ ಸ್ನಾಯುವಿಗೆ ನಾಳೆ ವಿಶ್ರಾಂತಿ ದೊರೆಯುವದು. ಆ ವಿಶ್ರಾಂತಿಯ ಕಾಲದಲ್ಲಿಯೇ, ಉಂಡ ಅನ್ನದಿಂದ, ಸ್ನಾಯುವು ಮೊದಲಿಗಿಂತ ದೃಢವಾಗಿ ಕಟ್ಟಲ್ಪಡುವದು. ಹೊಲದ ಹೊರೆಯಾದರೋ ಜ್ವರ ಬಂದ ದಿನವೂ ಅಷ್ಟೇ ಇರುವದು, ಬಸುರಿನ ತಿಂಗಳುಗಳಲ್ಲಿಯೂ ಅಷ್ಟೇ ಇರುವದು, ಮರುದಿನದ ವಿರಾಮವನ್ನಂತೂ ಅದು ಅರಿಯದು. ಹೀಗೆ ದುಡಿದ ದೇಹವು ಸಹನೆಯನ್ನು ಗಳಿಸುವದು ನಿಜ. ಆದರೆ ನಡುವಿನ ಎಲುಬನ್ನೂ ಮೊಣಕಾಲ ಸಂದುಗಳನ್ನೂ ಕಳೆದುಕೊಂಡು ಗಳಿಸುವದು. ಬಾಲ್ಯದಲ್ಲಿ ಕಟ್ಟಿಗೆಯ ಹೊರೆ ಹೊರುತ್ತಿದ್ದ ಮಣಿಪುರದ ಮೀರಾಬಾಯಿ ಚಾನು 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಎರಡು ವಿಧದ ಎತ್ತುವಿಕೆಗಳು ಸೇರಿ 202 ಕಿಲೋ ಭಾರವನ್ನೆತ್ತಿ ರಜತಪದಕವನ್ನು ಪಡೆದುದು ಆ ಹೊರೆಯೊಂದರ ಪ್ರಸಾದದಿಂದಲ್ಲ, ಅನಂತರದ ವರ್ಷಗಳಲ್ಲಿ ಕ್ರಮವಾದ ಶಿಕ್ಷಣ, ವಿಶ್ರಾಂತಿ, ಆಹಾರಗಳು ದೊರೆತುದರಿಂದ. ನಮ್ಮ ಊರುಗಳಲ್ಲಿ ಹೊರೆಯುಂಟು. ಉಳಿದ ಮೂರೂ ಇಲ್ಲ.

ನಮ್ಮ ಗರಡಿಮನೆಗಳ ಪರಂಪರೆಯು ಹಿರಿದಾದುದು. ಪೈಲವಾನನಿಗೆ ಹಾಲು, ತುಪ್ಪ, ಬಾದಾಮಿಗಳನ್ನು ಒದಗಿಸುವದನ್ನು ಊರೇ ತನ್ನ ಮರ್ಯಾದೆಯೆಂದು ಬಗೆಯುತ್ತಿದ್ದಿತು. ಆದರೆ ಆ ಕೆಮ್ಮಣ್ಣಿನ ಅಂಕಣದೊಳಕ್ಕೆ ಹೆಣ್ಣಿಗೆ ಪ್ರವೇಶವಿರಲಿಲ್ಲ. ಹೊರಗಿನ ಜಗತ್ತೂ ಈ ವಿಷಯದಲ್ಲಿ ಉದಾರವಾಗಿರಲಿಲ್ಲವೆನ್ನಬೇಕು: ಗಂಡಸರ ಭಾರವೆತ್ತುವ ಸ್ಪರ್ಧೆಯು 1896ರ ಒಲಿಂಪಿಕ್ಸಿನಲ್ಲಿಯೇ ನಡೆದಿದ್ದರೆ ಹೆಂಗಸರದು ಆರಂಭವಾದುದು 2000ದ ಸಿಡ್ನಿಯಲ್ಲಿ, ಅದೇ ವರ್ಷ ಆಂಧ್ರದ ಕರ್ಣಂ ಮಲ್ಲೇಶ್ವರಿ ಕಂಚನ್ನು ಗೆದ್ದು ಒಲಿಂಪಿಕ್ ಪದಕವನ್ನು ತಂದ ಭಾರತದ ಪ್ರಥಮ ಮಹಿಳೆಯೆನಿಸಿದಳು. ಭಾರವನ್ನೆತ್ತಿದರೆ ಹೆಣ್ಣು ಗಂಡಸಿನಂತಾದಾಳೆಂಬ ಭಯವು ನಿರಾಧಾರವಾದುದು. ಸ್ನಾಯುವನ್ನು ಹಿಗ್ಗಿಸುವ ಟೆಸ್ಟೋಸ್ಟೆರೋನ್ ಎಂಬ ರಸವು ಗಂಡಸಿನಲ್ಲಿ ಹೆಣ್ಣಿಗಿಂತ ಹತ್ತಾರು ಪಟ್ಟು ಹೆಚ್ಚಾಗಿರುವದು. ನಿಜವಾದ ಭಯವಿರತಕ್ಕದ್ದು ಬೇರೆಡೆಗೆ: ಮುಟ್ಟು ನಿಂತ ಮೇಲೆ ಸ್ತ್ರೀಯ ಎಲುಬುಗಳು ಶೀಘ್ರವಾಗಿ ಸಾರಗುಂದುವವು, ಸ್ನಾಯುಗಳು ಕುಗ್ಗುವವು, ವೃದ್ಧಾಪ್ಯದಲ್ಲಿ ಒಮ್ಮೆ ಬಿದ್ದು ತೊಡೆಯ ಎಲುಬು ಮುರಿದರೆ ಹಾಸಿಗೆಯೇ ಗತಿಯಾಗುವದು. ಆಸ್ಟ್ರೇಲಿಯಾದಲ್ಲಿ ಎಲುಬು ಸವೆದ ಇಂಥ ಪ್ರೌಢಸ್ತ್ರೀಯರಿಗೆ ತಜ್ಞರ ಕಣ್ಗಾವಲಿನಲ್ಲಿ ಎಂಟು ತಿಂಗಳು ಭಾರವೆತ್ತಿಸಿ ನೋಡಲಾಗಿ, ಅವರ ಬೆನ್ನೆಲುಬಿನ ಸಾಂದ್ರತೆಯು ಹೆಚ್ಚಿತೆಂಬುದು ಸಿದ್ಧವಾಗಿದೆ. ಆದಕಾರಣ ಬಲಸಾಧನೆಯು ಪೊಲೀಸ್ ಹುದ್ದೆಯ ಆಕಾಂಕ್ಷಿಗೆ ಮಾತ್ರವಲ್ಲ, ಅವಳ ತಾಯಿಗೂ ಹಿತವಾದುದು.

ಇನ್ನು ಆಹಾರದ ವಿಚಾರ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ಸಾಮಾನ್ಯಳಾದ ಸ್ತ್ರೀಗೆ ದೇಹದ ಪ್ರತಿ ಕಿಲೋ ತೂಕಕ್ಕೆ ದಿನವೊಂದಕ್ಕೆ 0.83 ಗ್ರಾಂ ಪ್ರೋಟೀನು ಸಾಕೆಂದು ವಿಧಿಸಿದೆ; 55 ಕಿಲೋ ತೂಕದವಳಿಗೆ ಇದು 46 ಗ್ರಾಮಿನಷ್ಟಾಗುವದು. ಭಾರದ ವ್ಯಾಯಾಮವನ್ನು ಮಾಡುವವರಿಗೆ ಇದಕ್ಕಿಂತ ಹೆಚ್ಚು ಬೇಕು, ಆದರೆ 1.6 ಗ್ರಾಮಿನಾಚೆಗೆ ಏರಿಸಿದರೂ ಸ್ನಾಯುವಿಗೆ ವಿಶೇಷ ಲಾಭವಿಲ್ಲವೆಂಬುದು 2018ರಲ್ಲಿ 49 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದವರ ನಿರ್ಣಯ. ಅಂದರೆ 50 ಕಿಲೋ ತೂಕದ ಹುಡುಗಿಗೆ 60ರಿಂದ 80 ಗ್ರಾಂ.

ಇಷ್ಟು ಪ್ರೋಟೀನು ಕಲಬುರಗಿ ಜಿಲ್ಲೆಯ ನೆಲದಲ್ಲಿ ಇಲ್ಲವೆ? ಇದು ತೊಗರಿಯ ಕಣಜವೆನಿಸಿದ ನಾಡು. ಇಲ್ಲಿಯ ಎರೆಮಣ್ಣಿನಲ್ಲಿ ಬೆಳೆದ ಗುಲಬರ್ಗಾ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ನೂರು ಗ್ರಾಂ ಬೇಳೆಯಲ್ಲಿ 22 ಗ್ರಾಮಿನಷ್ಟು, ಸೇಂಗಾದಲ್ಲಿ 25 ಗ್ರಾಮಿನಷ್ಟು, ಬಿಳಿಜೋಳದಲ್ಲಿ 10 ಗ್ರಾಮಿನಷ್ಟು ಪ್ರೋಟೀನಿದೆ. ಜೋಳದಲ್ಲಿ ಕೊರತೆಯಾಗಿರುವ ಲೈಸಿನ್ ಎಂಬ ಅಂಶವು ತೊಗರಿಯಲ್ಲಿ ಸಮೃದ್ಧವಾಗಿದೆ. ತೊಗರಿಯಲ್ಲಿ ಕಡಿಮೆಯಿರುವ ಮೆಥಿಯೋನಿನ್ ಜೋಳದಿಂದ ತಕ್ಕಮಟ್ಟಿಗೆ ತುಂಬಿಬರುವದು. ರೊಟ್ಟಿಯ ಮಗ್ಗುಲಲ್ಲಿ ಗಟ್ಟಿಬೇಳೆಯನ್ನಿಟ್ಟ ನಮ್ಮ ಪೂರ್ವಜರ ಊಟವು ಶಾಸ್ತ್ರಸಮ್ಮತವಾದುದೆಂಬುದರಲ್ಲಿ ಸಂದೇಹವಿಲ್ಲ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಕುಳಿತು ಸಜ್ಜೆಯ ಕಡುಬಿನೊಡನೆ ಉಣ್ಣುವ, ನಾನಾ ಹಸಿಕಾಳು ಸೊಪ್ಪುಗಳ ಭಜ್ಜಿಯನ್ನು ನೆನೆದರೆ ಈ ಸೀಮೆಯಲ್ಲಿ ಪ್ರೋಟೀನಿನ ಬಡತನವಿರಬಹುದೆಂದು ನಂಬುವದೇ ಕಷ್ಟವಾಗುವದು.

ಆದರೂ ಬಡತನವುಂಟು. ಎಳ್ಳಮಾವಾಸ್ಯೆಯು ವರುಷಕ್ಕೊಮ್ಮೆ ಬರುವದು. ಉಳಿದ ದಿನಗಳಲ್ಲಿ ತೊಗರಿಯು ರಾಶಿಯಾದೊಡನೆ ಸಾಲದ ಬಾಬತ್ತಿಗೆ ಮಾರುಕಟ್ಟೆಯ ಚೀಲವನ್ನು ಸೇರುವದು. ಮನೆಯಲ್ಲಿ ಉಳಿದ ಬೇಳೆಯಲ್ಲಿ ಗಟ್ಟಿಯಾದುದು ಮೊದಲು ಉಣ್ಣುವ ಗಂಡಸರಿಗೆ, ಅನಂತರ ಮಕ್ಕಳಿಗೆ. ಎಲ್ಲರಿಗೂ ಬಡಿಸಿ ಕಡೆಗೆ ಕುಳಿತವಳ ಪಾಲಿಗೆ ರೊಟ್ಟಿ, ಪುಂಡಿಪಲ್ಯ, ಒಂದಿಷ್ಟು ಹಿಂಡಿ, ನೀರಾದ ಸಾರು. ಬರಿಯ ಜೋಳವನ್ನೇ ನೆಚ್ಚಿದ ದಖ್ಖಣದ ಬಡವರಲ್ಲಿ ಪೆಲಾಗ್ರಾ ಎಂಬ ವ್ಯಾಧಿಯು ಕಾಣಿಸುತ್ತಿದ್ದುದನ್ನು ಸಿ. ಗೋಪಾಲನ್ ಮೊದಲಾದ ಪೋಷಣಶಾಸ್ತ್ರಜ್ಞರು 1960ರ ಸುಮಾರಿಗೇ ಜಗತ್ತಿನ ಗಮನಕ್ಕೆ ತಂದಿದ್ದರು. ಆ ವ್ಯಾಧಿಯು ಇಂದು ವಿರಳವಾಗಿದೆ; ರಕ್ತಹೀನತೆಯು ಉಳಿದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 47.8ರಷ್ಟು ಮಂದಿ ರಕ್ತಹೀನರು. ಅಂಥವಳಿಗೆ ಭಾರವೆತ್ತುವದಿರಲಿ, ಮೆಟ್ಟಿಲೇರುವದೂ ಶ್ರಮವೇ. ಸರ್ಕಾರವು ಕೈಕಟ್ಟಿ ಕುಳಿತಿಲ್ಲವೆಂಬುದನ್ನು ಒಪ್ಪಬೇಕು. 2017ರ ಮಾತೃಪೂರ್ಣ ಯೋಜನೆಯು ಗರ್ಭಿಣಿಗೂ ಬಾಣಂತಿಗೂ ಅಂಗನವಾಡಿಯಲ್ಲಿ ಹಾಲು ಮೊಟ್ಟೆಗಳ ಸಹಿತ ಊಟವನ್ನು ಕೊಟ್ಟಿತು. 2021ರ ಡಿಸೆಂಬರಿನಿಂದ ಕಲಬುರಗಿಯೂ ಸೇರಿದಂತೆ ಈ ಭಾಗದ ಶಾಲೆಗಳಲ್ಲಿ ಮೊಟ್ಟೆಯನ್ನೂ ಅದನ್ನೊಲ್ಲದವರಿಗೆ ಬಾಳೆಹಣ್ಣನ್ನೂ ಕೊಡತೊಡಗಿದರು. (ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನಿದ್ದರೆ ಬಾಳೆಹಣ್ಣಿನಲ್ಲಿ 1 ಗ್ರಾಮಿನಷ್ಟು ಮಾತ್ರ, ಮೊಟ್ಟೆಯನ್ನೊಲ್ಲದ ಮಗುವಿಗೆ ಸೇಂಗಾ ಬೆಲ್ಲಗಳ ಉಂಡೆಯು ಹೆಚ್ಚು ನ್ಯಾಯವಾದ ಬದಲಿಯಾಗುತ್ತಿತ್ತು.) ಆದರೆ ಶಾಲೆಯನ್ನು ದಾಟಿ ಇನ್ನೂ ತಾಯಿಯಾಗದ ಹುಡುಗಿ, ತಾಯ್ತನವನ್ನು ದಾಟಿದ ಹೆಂಗಸು, ಇವರ ತಟ್ಟೆಯನ್ನು ನೋಡುವವರಾರು? ಸ್ತ್ರೀಯ ದೇಹವು ಮಗುವಿಗಾಗಿ ಮಾತ್ರ ಪೋಷಣೆಗೆ ಅರ್ಹವೆಂಬ ಭಾವನೆಯು ಮನೆಯಲ್ಲಿಯೂ ರಾಜ್ಯದಲ್ಲಿಯೂ ಏಕರೀತಿಯಾಗಿ ಬೇರೂರಿರುವದು ನನಗೆ ಅತ್ಯಂತ ಖೇದಕರವಾಗಿ ತೋರುವದು.

ಈ ಹಿನ್ನೆಲೆಯಲ್ಲಿ ಪುಡಿಯನ್ನು ಪರೀಕ್ಷಿಸೋಣ. ಅದು ಮದ್ದೂ ಅಲ್ಲ, ಮಾಟವೂ ಅಲ್ಲ. ಬಹುತೇಕ ಚೀಜು ತಯಾರಿಸುವಾಗ ಉಳಿಯುವ ಹಾಲಿನ ತಿಳಿನೀರನ್ನು ಸೋಸಿ ಒಣಗಿಸಿದ ಪದಾರ್ಥವದು. ಒಂದು ಅಳತೆಯಲ್ಲಿ 20ರಿಂದ 25 ಗ್ರಾಂ ಪ್ರೋಟೀನು, ಬೇಗ ಜೀರ್ಣವಾಗುವದು, ಸ್ನಾಯುರಚನೆಯನ್ನು ಚೋದಿಸುವ ಲ್ಯೂಸಿನ್ ಅದರಲ್ಲಿ ಹೇರಳ. ಹಾಸ್ಟೆಲಿನ ಸಾರನ್ನವನ್ನೇ ನಂಬಿದ ಮೊಟ್ಟೆಮಾಂಸ ಮುಟ್ಟದ ವಿದ್ಯಾರ್ಥಿನಿಗೆ, ಹಸಿವು ಕುಗ್ಗಿದ ವೃದ್ಧೆಗೆ, ಅಡುಗೆಗೆ ಸಮಯವಿಲ್ಲದ ನೌಕರಿಯ ಹೆಣ್ಣಿಗೆ ಅದರಿಂದ ಪ್ರಯೋಜನವುಂಟೆಂಬುದನ್ನು ನಿರಾಕರಿಸಲಾರೆ. ವ್ಯಾಯಾಮ ಮುಗಿದ ಅರ್ಧಗಂಟೆಯೊಳಗೆ ಕುಡಿಯದಿದ್ದರೆ ಎಲ್ಲವೂ ವ್ಯರ್ಥವೆಂಬ ಪ್ರಚಾರವು ಮಾತ್ರ ಅತಿಶಯೋಕ್ತಿ. ದಿನದ ಒಟ್ಟು ಮೊತ್ತವೇ ಮುಖ್ಯವಾದುದು. ಅಲ್ಲದೆ ಡಬ್ಬಿಯ ಮೇಲೆ ಬರೆದುದೆಲ್ಲ ಸತ್ಯವಲ್ಲ: ನಮ್ಮ ದೇಶದಲ್ಲಿ ಮಾರಾಟವಾಗುವ 36 ಬಗೆಯ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 70ರಷ್ಟರಲ್ಲಿ ಪ್ರೋಟೀನಿನ ಪ್ರಮಾಣವು ಬರಹಕ್ಕೆ ಹೊಂದಲಿಲ್ಲ, ಕೆಲವುಗಳಲ್ಲಿ ಬೂಷ್ಟಿನ ವಿಷವೂ ಕಂಡುಬಂದಿತು. ಮೂತ್ರಪಿಂಡದ ದೋಷವುಳ್ಳವರಂತೂ ವೈದ್ಯರನ್ನು ಕೇಳದೆ ಅದನ್ನು ಮುಟ್ಟಕೂಡದು.

ಬೆಲೆಯ ಲೆಕ್ಕವನ್ನೂ ಹಾಕಿ ನೋಡಬೇಕು. 2025–26ರ ಹಂಗಾಮಿಗೆ ತೊಗರಿಯ ಬೆಂಬಲಬೆಲೆಯು ಕ್ವಿಂಟಲಿಗೆ 8000 ರೂಪಾಯಿಯಾಗಿದ್ದಿತು. ಆ ಕ್ವಿಂಟಲಿನಲ್ಲಿ 20 ಕಿಲೋ ಪ್ರೋಟೀನಿದೆ. ಅಷ್ಟೇ ಹಣಕ್ಕೆ ಪುಡಿಯು ಮೂರು ನಾಲ್ಕು ಕಿಲೋ ದೊರೆಯುವದು, ಅದರಲ್ಲಿಯ ಪ್ರೋಟೀನು ಮೂರು ಕಿಲೋ ಆಸುಪಾಸು. ಪುಡಿಯ ಪ್ರೋಟೀನು ಜೀರ್ಣಕ್ಕೆ ಮೇಲಾದುದೆಂದು ಒಪ್ಪಿದರೂ ಈ ಅಂತರವು ಮುಚ್ಚುವಂಥದಲ್ಲ. 50 ಗ್ರಾಂ ಪುಟಾಣಿಯ ಹಿಟ್ಟನ್ನೂ ಒಂದು ಹಿಡಿ ಹುರಿದ ಸೇಂಗಾದ ಪುಡಿಯನ್ನೂ ದೊಡ್ಡ ಲೋಟ ಹಾಲಿನಲ್ಲಿ ಕಲಕಿದರೆ 20 ಗ್ರಾಮಿಗೆ ಕಡಿಮೆಯಿಲ್ಲದ ಪ್ರೋಟೀನು ಮನೆಯಲ್ಲಿಯೇ ಸಿದ್ಧವಾಗುವದು. ದಿನಕ್ಕೆ 250 ಗ್ರಾಂ ಜೋಳದ ಹಿಟ್ಟಿನ ರೊಟ್ಟಿ, 50 ಗ್ರಾಂ ಬೇಳೆ, ಈ ಪಾನೀಯ, ಒಂದು ಬಟ್ಟಲು ಮೊಸರು ಸೇರಿದರೆ ಮೊತ್ತವು 60ನ್ನು ದಾಟುವದು; ತಿನ್ನುವವರು ಎರಡು ಮೊಟ್ಟೆಗಳನ್ನು ಸೇರಿಸಿದರೆ 75ರ ಹತ್ತಿರಕ್ಕೆ ಬರುವದು.

ಪೋಷಣ ಸಂಸ್ಥೆಯು 2024ರ ಆಹಾರ ಮಾರ್ಗಸೂಚಿಯಲ್ಲಿ ದೇಹವನ್ನು ಬೆಳೆಸಲು ಪ್ರೋಟೀನಿನ ಪುಡಿಗಳು ಬೇಡ, ಊಟವೇ ಸಾಕೆಂದು ಹೇಳಿದುದು ಯುಕ್ತವೇ. ಆದರೆ ಆ ವಾಕ್ಯವು ತುಂಬಿದ ತಟ್ಟೆಯೊಂದನ್ನು ಮೊದಲೇ ಕಲ್ಪಿಸಿಕೊಂಡಿದೆ. ತಟ್ಟೆಯನ್ನು ತುಂಬಿಸದೆ ‘ಪುಡಿ ಬೇಡ’ ಎಂದು ಉಪದೇಶಿಸುವ ಹಿರಿಯನೂ, ತಟ್ಟೆಯನ್ನು ನೋಡದೆ ‘ಪುಡಿ ಕೊಳ್ಳು’ ಎನ್ನುವ ವ್ಯಾಪಾರಿಯೂ ಆ ಹುಡುಗಿಗೆ ಮಾಡುವ ಅನ್ಯಾಯವು ಒಂದೇ ತೂಕದ್ದು. ಮೊದಲು ಊಟ, ಅದರೊಡನೆ ಕ್ರಮವಾದ ವ್ಯಾಯಾಮ ಮತ್ತು ನಿದ್ರೆ, ಆಮೇಲೂ ಕೊರತೆ ಉಳಿದರೆ ವಿಶ್ವಾಸಾರ್ಹವಾದ ಪುಡಿ ಅರ್ಧ ಅಳತೆ: ನನ್ನ ನಿರ್ಣಯವಿಷ್ಟು.

ಮಣ್ಣೂರ, ಆಳಂದ, ಜೇವರ್ಗಿಗಳ ಒಕ್ಕಲು ಮನೆತನದವರಲ್ಲಿ ನನ್ನದೊಂದು ಪ್ರಾರ್ಥನೆಯಿದೆ. ಈ ಸಲದ ತೊಗರಿಯನ್ನು ಮಾರುವ ಮುನ್ನ ಮನೆಯ ಪ್ರತಿಯೊಬ್ಬ ಹೆಣ್ಣುಮಗಳ ಹೆಸರಿನಲ್ಲಿ, ಸೊಸೆಯೆನ್ನದೆ ಮಗಳೆನ್ನದೆ, ವರುಷದ ಬೇಳೆಯನ್ನು ಎತ್ತಿಡಿರಿ. ದಿನಕ್ಕೆ 50 ಗ್ರಾಮಿನಂತೆ ಅದು ಒಬ್ಬೊಬ್ಬಳಿಗೆ 18 ಕಿಲೋ ಚಿಲ್ಲರೆಯಾಗುವದು.