ಉಳಿದ ಜೀವದ ಬಾಳು
ಉತ್ತರ ಕನ್ನಡ ಜಿಲ್ಲೆಯ ಕರ್ಕಿಯಲ್ಲಿ ಯಾರಿಗಾದರೂ ಹಠಾತ್ತನೆ ಎದೆನೋವು ಬಂದರೆ, ಹೊನ್ನಾವರದಲ್ಲಿ ಪ್ರಥಮೋಪಚಾರ ಮುಗಿಸಿ, ಶರಾವತಿಯನ್ನು ದಾಟಿ, ಭಟ್ಕಳ ಕುಂದಾಪುರಗಳನ್ನು ಹಿಂದಿಕ್ಕಿ ಮಣಿಪಾಲದ ಆಸ್ಪತ್ರೆಯತ್ತ ಧಾವಿಸುವ ಆಂಬುಲೆನ್ಸಿನೊಳಗೆ ಬಂಧುಗಳು ಹಂಬಲಿಸುವುದು ಪ್ರಾಣವೊಂದು ಉಳಿಯಲೆಂದು ಮಾತ್ರ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಅಂಥದೊಂದು ವಾಹನ ಶಿರೂರಿನ ಟೋಲ್ ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಗತಿಸಿದರು. ನಮ್ಮ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಮತ್ತೆ ಎದ್ದಿತು. ಆ ಕೂಗು ಸರ್ವಥಾ ನ್ಯಾಯವಾದುದು. ಆದರೆ ಬದುಕಿ ಮರಳಿದವನ ಬಾಳನ್ನು ಅಳೆಯುವವರಾರು? ನಡೆದಾಟ, ಸ್ವಂತ ಆರೈಕೆ, ನಿತ್ಯದ ಕೆಲಸ, ನೋವು, ಆತಂಕ ಎಂಬ ಐದನ್ನು ವಿಚಾರಿಸುವ ಇಕ್ಯೂ-5ಡಿ ಪ್ರಶ್ನಾವಳಿ ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ; ರೋಗಿ ಮನೆಗೆ ಮರಳಿದ ಮೂರು ತಿಂಗಳ ತರುವಾಯ ಆಶಾ ಕಾರ್ಯಕರ್ತೆಯರು, ಪ್ರತ್ಯೇಕ ಸಂಭಾವನೆಯೊಡನೆ, ಮನೆಗೆ ಹೋಗಿ ಹೀಗೆ ವಿಚಾರಿಸಬೇಕೆಂಬುದು ನನ್ನ ಆಗ್ರಹ. ದೋಣಿ ಇಳಿಸುತ್ತಿದ್ದವನು ಈಗ ಜಗಲಿಯಲ್ಲೇ ಕುಳಿತಿರುವನೆಂಬುದೂ ದಾಖಲೆಗೆ ಸೇರಲಿ.